ಮಿಲ್ಲಿನ ಒಂಬತ್ತು ಸಾವಿರದ ಕೆಲಸಕ್ಕೆ ಸೇರಲೇ, ಸರ್ಕಾರಿ ನೌಕರಿಗೆ ಕಾಯಲೇ?

ಓದುಗರ ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಹಳ್ಳಿಯವಳು. ವಯಸ್ಸು 23. ಬಿ.ಕಾಂ. ಶೇ 61ರಲ್ಲಿ ಪಾಸಾಗಿದ್ದೇನೆ. ಯುವನಿಧಿಯ 3,000 ರೂಪಾಯಿ ಎಂಟು ತಿಂಗಳಿಂದ ಬರುತ್ತಿದೆ. ಈಗ ನಮ್ಮೂರಿಗೆ ಸಮೀಪದ ಒಂದು ರೈಸ್ ಮಿಲ್ಲಿನ ಆಫೀಸಿಗೆ ಬಿಲ್ಲಿಂಗ್ ಕೆಲಸಕ್ಕೆ ಕರೆದಿದ್ದಾರೆ. ತಿಂಗಳಿಗೆ 9,000, ಬೆಳಿಗ್ಗೆ 10ರಿಂದ ಸಂಜೆ 6. ‘ಪಿಎಫ್ ಗಿಎಫ್ ಏನೂ ಇಲ್ಲಮ್ಮ, ಪಗಾರ ಕೈಗೇ ಕೊಡ್ತೀವಿ, ನಿನ್ನ ಯುವನಿಧಿನೂ ನಿಲ್ಲಂಗಿಲ್ಲ’ ಎಂದು ಸಾಹುಕಾರ್ರು ಹೇಳಿದರು. ‘ಮಿಲ್ಲಿಗೆ ಹೋಗಾಕ ಡಿಗ್ರಿ ಯಾಕ ಬೇಕಿತ್ತು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದು’ ಅನ್ನುತ್ತಾರೆ ಅಪ್ಪ. ಬೆಂಗಳೂರಿನಲ್ಲಿ 18,000ದ ಕಾಲ್ ಸೆಂಟರ್ ಕೆಲಸ ಕೊಡಿಸುತ್ತೇನೆ ಅನ್ನುತ್ತಾನೆ ಕಾಕಾನ ಮಗ. ಗಂಗಾವತಿಯ ಒಂದು ಕಂಪ್ಯೂಟರ್ ಸೆಂಟರಿನವರು 14,000 ಕಟ್ಟಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿ ಎಂದಿದ್ದಾರೆ. ಮನೆಯಲ್ಲಿ ಮದುವೆ ಮಾತೂ ನಡೆದಿದೆ. ಒಮ್ಮೆ ಇಂಥ ಸಣ್ಣ ಕೆಲಸಕ್ಕೆ ಸೇರಿದರೆ ಜೀವನಪೂರ್ತಿ ಇದೇ ಆಗಿಬಿಡುತ್ತದಾ? ಮಧ್ಯದಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥವಾ?

ಉತ್ತರ: ನಿಮಗೆ ಸಂಬಳದ ಮೊತ್ತಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ‘ಇದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನಾ’ ಎಂಬ ಭಯ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಸೇರಿ, ಆದರೆ ಸಾಹುಕಾರ್ರು ಹೇಳಿದ ಷರತ್ತಿನ ಮೇಲೆ ಬೇಡ. ಅವರು ಕೊಡುತ್ತಿರುವ ಕೆಲಸದಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ. ಆದರೆ ‘ಕೈಗೇ ಕೊಡ್ತೀವಿ’ ಎಂಬ ಒಂದು ಮಾತು ಆ ಕಲಿಕೆಯ ಬೆಲೆಯನ್ನು ಅರ್ಧಕ್ಕರ್ಧ ತಿಂದುಹಾಕುತ್ತದೆ.

ಸಣ್ಣ ಕೆಲಸಕ್ಕೆ ಸೇರಿದರೆ ಅದೇ ಹಣೆಪಟ್ಟಿ ಆಗುತ್ತದೆ ಎಂಬ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಸಂದರ್ಶನದ ಮೇಜಿನ ಈಚೆ ಕಡೆ ಕೂತು ನೋಡಿದರೆ ವಿಷಯ ಬೇರೆ. ಅಕೌಂಟ್ಸ್ ಕೆಲಸಕ್ಕೆ ಬಂದ ಹುಡುಗಿ ಮೊದಲು ರೈಸ್ ಮಿಲ್ಲಿನಲ್ಲಿದ್ದಳು ಎಂಬ ಕಾರಣಕ್ಕೆ ಅರ್ಜಿಯನ್ನು ಯಾರೂ ಪಕ್ಕಕ್ಕಿಡುವುದಿಲ್ಲ. ‘ಎರಡು ವರ್ಷ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ‘ಬಿಲ್ ಹಾಕುತ್ತಿದ್ದೆ’ ಎಂಬಷ್ಟೇ ಉತ್ತರ ಬಂದಾಗ ಪಕ್ಕಕ್ಕಿಡುತ್ತಾರೆ. ಎರಡು ವರ್ಷ ಮನೆಯಲ್ಲಿ ಓದುತ್ತಿದ್ದೆ ಎಂದವರಿಗೂ ಹೆಚ್ಚುಕಡಿಮೆ ಅದೇ ಗತಿ. ಸೇವೆಯ ಅವಧಿಯನ್ನು ಕಡೆಗೆ ಎಣಿಸುತ್ತಾರೆ. ಮೊದಲು ಕೇಳುವುದು ಯಾವ ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ನೀವೇ ಕೈಯಾರೆ ಮಾಡಿದ್ದೀರಿ, ತಪ್ಪಿದಾಗ ಹೇಗೆ ಹುಡುಕಿದಿರಿ ಎಂದು.

ಮಿಲ್ಲಿನ ಆಫೀಸಿನಲ್ಲಿ ಕಲಿಯಲು ಏನಿದೆ

ಒಂದು ಟ್ರ್ಯಾಕ್ಟರ್ ಭತ್ತವನ್ನೇ ಹಿಡಿದು ನೋಡೋಣ. ವೇಬ್ರಿಡ್ಜ್ ಮೇಲೆ ಹತ್ತಿದಾಗ 8,460 ಕೆಜಿ, ಇಳಿಸಿ ಬಂದಾಗ 2,910. ನಿವ್ವಳ 5,550 ಕೆಜಿ, ಅಂದರೆ 75 ಕೆಜಿ ಲೆಕ್ಕದಲ್ಲಿ 74 ಚೀಲ. ಚೀಲಕ್ಕೆ 1,800 ಎಂದು ಮಾತಾಗಿದ್ದರೆ 1,33,200 ರೂಪಾಯಿ. ಇಷ್ಟನ್ನು ಕ್ಯಾಲ್ಕುಲೇಟರ್ ಮಾಡುತ್ತದೆ. ನಿಮ್ಮ ಕೆಲಸ ಇದರ ಮುಂದಿನದು. ಖಾಲಿ ಚೀಲದ ತೂಕ ಕಳೆಯುವ ಮಾತಾಗಿದೆಯೋ ಇಲ್ಲವೋ? ತೇವಾಂಶ ಮೀಟರಿನಲ್ಲಿ ಎಷ್ಟು ಬಂತು? (ಬೆಂಬಲ ಬೆಲೆ ಖರೀದಿಯಲ್ಲಿ ಭತ್ತಕ್ಕೆ ಶೇ 17ರ ಮಿತಿ. ಖಾಸಗಿ ಖರೀದಿಯಲ್ಲಿ ಅದಕ್ಕಿಂತ ಹಸಿ ಇದ್ದರೆ ದರ ಇಳಿಸುತ್ತಾರೆ, ಇಲ್ಲವೇ ತೂಕ ಮುರಿಯುತ್ತಾರೆ.) ಹಮಾಲಿ ಯಾರ ಲೆಕ್ಕಕ್ಕೆ? ಮಾರಿದವರು ಬೆಳೆದ ರೈತರೋ, ಖರೀದಿಸಿ ತಂದ ವ್ಯಾಪಾರಿಯೋ?

ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಅದರಲ್ಲಿ ತೂಕವಿದೆ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. ಬೆಳೆದ ರೈತರಿಂದಲೇ ಅವರ ಬೆಳೆ ಕೊಂಡಾಗ ಇದಕ್ಕೆ ವಿನಾಯಿತಿ ಇದೆ, ನಡುವಿನ ವ್ಯಾಪಾರಿಗೆ ಇಲ್ಲ. ರಜಿಸ್ಟರಿನಲ್ಲಿ ಈ ಎರಡನ್ನು ಬೇರೆ ಬೇರೆ ಬರೆಯಲು ಬಂದವರನ್ನು ಆಡಿಟರ್ ಹೆಸರು ಹಿಡಿದು ಕರೆಯುತ್ತಾರೆ.

ಇನ್ನು ಅದೇ 5,550 ಕೆಜಿ ಒಳಗೆ ಹೋಗಿ ಏನಾಗಿ ಬಂತು? ಶೇ 65 ಅಕ್ಕಿ ಎಂದರೆ ಸುಮಾರು 3,600 ಕೆಜಿ. ಉಳಿದದ್ದು ಹೊಟ್ಟು, ತೌಡು ಮತ್ತು ಒಣಗಿ ಹೋದ ತೂಕ. ಅಕ್ಕಿಯಲ್ಲೂ ನುಚ್ಚು ಬೇರೆಯಾಗುತ್ತದೆ. ಸರ್ಕಾರದ ಭತ್ತವನ್ನು ಮಿಲ್ಲಿಂಗಿಗೆ ಪಡೆದರೆ ಹಸಿ ಅಕ್ಕಿಗೆ ಶೇ 67, ಕುಸುಬಲಕ್ಕಿಗೆ ಶೇ 68 ಹಿಂದಿರುಗಿಸಬೇಕು. ತಿಂಗಳ ಕೊನೆಗೆ ಭತ್ತದ ಒಳಬರವು, ಅಕ್ಕಿಯ ಹೊರಹೋಗುವಿಕೆ, ಗೋದಾಮಿನ ಉಳಿಕೆ ಮೂರೂ ತಾಳೆಯಾಗದಿದ್ದರೆ ಎಲ್ಲಿ ಸೋರಿದೆ ಎಂದು ಹುಡುಕುವುದಿದೆಯಲ್ಲ, ಕಾಸ್ಟ್ ಅಕೌಂಟಿಂಗ್ ಅಂದರೆ ಅದೇ. ಪುಸ್ತಕದಲ್ಲಿ ಅದನ್ನು ಓದಿ ಶೇ 61 ತೆಗೆದಿದ್ದೀರಿ. ಇಲ್ಲಿ ಅದು ಚೀಲದ ಲೆಕ್ಕದಲ್ಲಿ ಕಣ್ಣೆದುರಿಗೆ ಇರುತ್ತದೆ.

ಮಾರಾಟದ ಕಡೆಗೆ ಬಂದರೆ ಜಿಎಸ್‌ಟಿ. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಪ್ಯಾಕೆಟ್ಟಿಗೆ ಶೇ 5 ತೆರಿಗೆ ಬಂತು. ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡದ್ದು ಅದಾದ ಮೇಲೆ. ಒಂದೇ ಮಿಲ್ಲು ಎರಡೂ ಬಗೆಯ ಚೀಲ ಮಾರಿದರೆ ಒಂದು ಬಿಲ್ಲಿಗೆ ತೆರಿಗೆ, ಇನ್ನೊಂದಕ್ಕೆ ಇಲ್ಲ. ಯಂತ್ರದ ಬಿಡಿಭಾಗ, ಪ್ಯಾಕಿಂಗ್ ಚೀಲದ ಮೇಲೆ ಕಟ್ಟಿದ ತೆರಿಗೆಯನ್ನೂ ಪೂರ್ತಿ ವಾಪಸ್ ಪಡೆಯುವ ಹಾಗಿಲ್ಲ, ತೆರಿಗೆ ಇಲ್ಲದ ಮಾರಾಟದ ಪಾಲನ್ನು ಬಿಟ್ಟುಕೊಡಬೇಕು. ಬಿಲ್ಲಿಂಗಿನಲ್ಲಿ ಕೂತವರು ಐಟಂ ತಪ್ಪಾಗಿ ಆರಿಸಿದರೆ ತಪ್ಪು ಇಲ್ಲಿಂದಲೇ ಶುರುವಾಗಿ ರಿಟರ್ನ್‌ವರೆಗೂ ಹೋಗುತ್ತದೆ.

ತಿಂಗಳಲ್ಲಿ ನಾಲ್ಕು ತಾರೀಕು ತಲೆಯಲ್ಲಿರಲಿ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ಆದಾಯ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ), 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್). (ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಇದು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣ ವ್ಯಾಪಾರಿಗಳ ದಿನಾಂಕ ಬೇರೆ.) ಇದರ ಜೊತೆಗೆ ಸಿಸಿ ಸಾಲ (ದಾಸ್ತಾನಿನ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್) ಇರುವ ಮಿಲ್ಲು ಬ್ಯಾಂಕಿಗೆ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ದಾಸ್ತಾನಿನ ಬೆಲೆಯಲ್ಲಿ ಇನ್ನೂ ಹಣ ಕೊಡದ ಮಾಲಿನ ಬೆಲೆ ಕಳೆದು, ಬರಬೇಕಾದ ಬಾಕಿ ಸೇರಿಸಿ, ಅದರಲ್ಲಿ ಬ್ಯಾಂಕಿನ ಮಾರ್ಜಿನ್ ತೆಗೆದರೆ ಎಷ್ಟು ಹಣ ಎತ್ತಬಹುದು ಎಂಬುದು ಬರುತ್ತದೆ. ಈ ಹಾಳೆಯನ್ನು ಹನ್ನೆರಡು ತಿಂಗಳು ತಯಾರಿಸಿದವರು ಗಿಣಿಗೇರಿಯ ಕಾರ್ಖಾನೆಗಾಗಲಿ, ರಾಯಚೂರಿನ ಜಿನ್ನಿಂಗ್ ಮಿಲ್ಲಿಗಾಗಲಿ, ತೋರಣಗಲ್ಲಿನಲ್ಲಿ ಗುತ್ತಿಗೆ ಹಿಡಿದ ಸಂಸ್ಥೆಗಾಗಲಿ ಹೋಗಿ ಕೂತರೆ ಮೊದಲ ದಿನದಿಂದ ಕೆಲಸಕ್ಕೆ ಬರುತ್ತಾರೆ. ಮಾಲು ಬೇರೆ ಇರಬಹುದು, ಹಾಳೆ ಅದೇ.

ಹಾಗಾದರೆ ಪಗಾರ ಯಾಕೆ ಇಷ್ಟು ಕಡಿಮೆ

ಸಾಹುಕಾರ್ರು ಜಿಪುಣರು ಎಂದು ಮುಗಿಸಿಬಿಡಬಹುದು, ಸ್ವಲ್ಪ ನಿಜವೂ ಇರಬಹುದು. ಆದರೆ ಇನ್ನೆರಡು ಕಾರಣ ಇವೆ. ತುಂಗಭದ್ರಾ ಎಡದಂಡೆಯ ಮಿಲ್ಲುಗಳು ಕಾಲುವೆ ನೀರಿನ ಮೇಲೆ ನಿಂತಿವೆ. ಎರಡನೇ ಬೆಳೆಗೆ ನೀರು ಬಿಡದ ವರ್ಷ ಅರ್ಧ ವರ್ಷ ಯಂತ್ರ ತಿರುಗುವುದಿಲ್ಲ, ಆಫೀಸಿನ ಸಂಬಳ ಮಾತ್ರ ನಿಲ್ಲುವುದಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ರೈತರ ಜೊತೆ ಮಿಲ್ಲಿನವರೂ ಕಂಗಾಲಾದದ್ದು ಇದಕ್ಕೇ. ಎರಡನೆಯದು, ಹೊಸಬರಿಂದ ಆಗುವ ತಪ್ಪಿನ ಬೆಲೆ. ಆರ್‌ಟಿಜಿಎಸ್‌ನಲ್ಲಿ ಒಂದು ಅಂಕಿ ತಪ್ಪಿದರೆ ಲಕ್ಷಗಟ್ಟಲೆ ಹಣ ಇನ್ಯಾರದೋ ಖಾತೆಗೆ. ಹಾಗಾಗಿ ಮೊದಲ ಕೆಲವು ತಿಂಗಳು ನಿಮ್ಮ ಕೆಲಸವನ್ನು ಇನ್ನೊಬ್ಬರು ಮತ್ತೆ ನೋಡಲೇಬೇಕು, ಅದರ ಖರ್ಚನ್ನು ನಿಮ್ಮ ಪಗಾರದಲ್ಲೇ ಮುರಿಯುತ್ತಾರೆ. ಕಲಿಸಿದ ಮೇಲೆ ಬಿಟ್ಟುಹೋಗುತ್ತಾರೆ ಎಂಬ ಅನುಮಾನ ಬೇರೆ.

ಇಷ್ಟೆಲ್ಲ ಇದ್ದರೂ ಪೂರ್ಣಾವಧಿ ಕೆಲಸಕ್ಕೆ 9,000 ಎಂಬುದು ರಾಜ್ಯ ಸರ್ಕಾರದ ಕನಿಷ್ಠ ವೇತನಕ್ಕಿಂತ ಕೆಳಗಿದೆ. ಈ ವರ್ಷದ ದರಪಟ್ಟಿ ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೂ ಕೇಳಬಹುದು. ಮೊದಲ ದಿನವೇ ಪಟ್ಟಿ ಹಿಡಿದುಕೊಂಡು ಹೋದರೆ ‘ಬೇರೆಯವರನ್ನ ನೋಡ್ತೀವಿ’ ಎಂಬ ಉತ್ತರ ಬರುವ ಸಂಭವ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಮೂರು ತಿಂಗಳಿಗೆ ಎಷ್ಟು, ಆರು ತಿಂಗಳಿಗೆ ಎಷ್ಟು ಏರಿಸುತ್ತೀರಿ ಎಂದು ಸೇರುವ ಮುಂಚೆ ಕೇಳಿ, ಉತ್ತರವನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಕನಿಷ್ಠ ವೇತನ ಅವರು ಮಾಡುವ ಉಪಕಾರ ಅಲ್ಲ ಎಂಬುದು ನಿಮಗೆ ಗೊತ್ತಿದೆ ಎಂದು ಅವರಿಗೆ ತಿಳಿದರೆ ಅಷ್ಟು ಸಾಕು. ಆರು ತಿಂಗಳಾದರೂ ಏರದಿದ್ದರೆ ಬೇರೆ ಕಡೆ ಅರ್ಜಿ ಹಾಕಲು ಶುರುಮಾಡಿ.

ಪಿಎಫ್ ಮತ್ತು ಯುವನಿಧಿ

ಅಕ್ಕಿ ಮಿಲ್ಲಿನಲ್ಲಿ ಡ್ರೈವರ್, ಬಾಯ್ಲರ್ ನೋಡುವವರು, ಹಮಾಲರು, ಆಫೀಸಿನವರು ಎಲ್ಲ ಸೇರಿ 20 ಜನ ದಾಟುವುದು ಕಷ್ಟವಲ್ಲ. 20 ಆದರೆ ಪಿಎಫ್ ಅನ್ವಯಿಸುತ್ತದೆ. ಇಎಸ್‌ಐಗೆ 10 ಜನ, ಸಂಬಳ 21,000ದ ಒಳಗೆ. ‘ನಮ್ಮಲ್ಲಿ ಇಲ್ಲ’ ಎಂಬುದು ಎಷ್ಟೋ ಸಲ ‘ನಾವು ಮಾಡಿಸಿಲ್ಲ’ ಎಂಬುದರ ಇನ್ನೊಂದು ರೂಪ.

ಲೆಕ್ಕ ನೋಡಿ. 9,000ದ ಮೇಲೆ ನಿಮ್ಮ ಪಾಲು ಶೇ 12, ಅಂದರೆ 1,080. ಇಎಸ್‌ಐ ಶೇ 0.75, ಅಂದರೆ 68. ಕೈಗೆ 7,852 ಬರುತ್ತದೆ. ಮಾಲೀಕರು ಮೇಲಿಂದ 1,080 ಪಿಎಫ್‌ಗೆ ಹಾಕಬೇಕು. ಅದರಲ್ಲಿ 750 ಪಿಂಚಣಿ ಖಾತೆಗೆ, 330 ನಿಮ್ಮ ಪಿಎಫ್‌ಗೆ. ಇಎಸ್‌ಐಗೆ ಅವರದು ಇನ್ನೂ 293. ಅವರಿಗೆ ತಿಂಗಳಿಗೆ ಸುಮಾರು 1,400 ಹೆಚ್ಚಿನ ಖರ್ಚು. ‘ಕೈಗೇ ಕೊಡ್ತೀವಿ’ ಎಂಬ ಔದಾರ್ಯದ ಬೇರು ಇಲ್ಲಿದೆ.

ನಿಮಗೆ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ನಾಳೆ ದೊಡ್ಡ ಸಂಸ್ಥೆಗೆ ಹೋದಾಗ ಹಿಂದಿನ ಕೆಲಸ ನಿಜವೇ ಎಂದು ಪರಿಶೀಲಿಸುವವರು ಬಹಳಷ್ಟು ಕಡೆ ನೋಡುವುದು ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ಕಾಯಂ ಸಂಖ್ಯೆಯ ಸೇವಾ ಇತಿಹಾಸವನ್ನು. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿದ್ದಿರಿ ಎಂಬುದು ಅಲ್ಲಿ ತಾನಾಗಿಯೇ ಬಿದ್ದಿರುತ್ತದೆ. ಅದು ಇಲ್ಲದಿದ್ದರೆ ಬರೀ ಲೆಟರ್‌ಹೆಡ್ ಮೇಲಿನ ಅನುಭವ ಪತ್ರ ಉಳಿಯಿತು. ಅಂಥ ಪತ್ರವನ್ನು ಯಾರು ಬೇಕಾದರೂ ಟೈಪ್ ಮಾಡಿಸಬಹುದು ಎಂಬುದು ಎಲ್ಲರಿಗೂ ಗೊತ್ತು.

ಯುವನಿಧಿಯ ಮಾತಿಗೆ ಬಂದರೆ, ಕೆಲಸ ಸಿಕ್ಕ ದಿನಕ್ಕೆ ಅದು ಮುಗಿಯಿತು. ನಿರುದ್ಯೋಗಿ ಎಂದು ನೀವೇ ಘೋಷಣೆ ಕೊಟ್ಟು ಪಡೆಯುವ ಹಣ ಅದು. ದಿನಾ ಕೆಲಸಕ್ಕೆ ಹೋಗುತ್ತ ಘೋಷಣೆ ಮುಂದುವರಿಸಿದರೆ ಸುಳ್ಳು ಹೇಳಿಕೆ ನಿಮ್ಮದಾಗುತ್ತದೆ, ಸಾಹುಕಾರ್ರದ್ದಲ್ಲ. ಮನೆಯಲ್ಲಿ ಕೇಳುವ ಪ್ರಶ್ನೆ ಗೊತ್ತಿದೆ. 7,852ರಲ್ಲಿ 3,000 ಕಳೆದರೆ 4,852, ಇಷ್ಟಕ್ಕಾಗಿ ದಿನಾ ಎಂಟು ತಾಸು ದುಡಿಯಬೇಕಾ? ಆದರೆ ಯುವನಿಧಿಯ ಗರಿಷ್ಠ ಅವಧಿ ಎರಡು ವರ್ಷ, ಅದರಲ್ಲಿ ಎಂಟು ತಿಂಗಳು ಈಗಾಗಲೇ ಕಳೆದಿವೆ. ಮುಂದಿನ ವರ್ಷ ಅದು ನಿಂತ ದಿನ ನಿಮ್ಮ ಕೈಯಲ್ಲಿ ಏನಿರುತ್ತದೆ ಎಂಬುದರ ಮೇಲೆ ಈ ಲೆಕ್ಕ ಹಾಕಬೇಕು. ಬಸ್ ಚಾರ್ಜನ್ನು ಲೆಕ್ಕದಿಂದ ತೆಗೆದುಬಿಡಿ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ. ಆದರೆ ಸಂಜೆ 6ರ ನಂತರ ನಿಮ್ಮೂರಿಗೆ ಬಸ್ ಇದೆಯೋ ಇಲ್ಲವೋ ನೋಡಿಕೊಳ್ಳಿ. ಸುಗ್ಗಿಯ ನವೆಂಬರ್, ಡಿಸೆಂಬರಿನಲ್ಲಿ 6 ಎಂಬುದು 8 ಆಗುವುದು ಮಾಮೂಲು.

ಸೇರುವಾಗ ಕೇಳಬೇಕಾದದ್ದು ಮೂರು. ಹುದ್ದೆ, ಸಂಬಳ, ಸೇರಿದ ದಿನಾಂಕ ಇರುವ ನೇಮಕಾತಿ ಪತ್ರ: ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ 30 ದಿನದೊಳಗೆ ಕೊಡಬೇಕು ಎಂದಿದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರ ಕೊಡಲೇಬೇಕು ಎನ್ನುತ್ತವೆ. ಎರಡು, ಬ್ಯಾಂಕ್ ಖಾತೆಗೆ ಸಂಬಳ. ಮೂರು, ಅನ್ವಯಿಸುವುದಾದರೆ ಪಿಎಫ್. ನಿಜವಾಗಿಯೂ 20 ಜನ ಇಲ್ಲದಿದ್ದರೆ ಮೊದಲಿನ ಎರಡನ್ನು ಮಾತ್ರ ಬಿಡಬೇಡಿ. ಪ್ರತಿ ತಿಂಗಳು ‘ಸ್ಯಾಲರಿ’ ಎಂದು ಬಿದ್ದ ಜಮೆ ಪಾಸ್‌ಬುಕ್ಕಿನಲ್ಲಿದ್ದರೆ ಅದೂ ಒಂದು ದಾಖಲೆಯೇ.

ಎಲ್ಲಿ ಕೆಡುತ್ತದೆ

ಮೊದಲ ಕೆಲಸದಲ್ಲಿ ಹೊಸಬರಿಗೆ ಆಗುವ ದೊಡ್ಡ ಹಾನಿ ಕಡಿಮೆ ಸಂಬಳದಿಂದಲ್ಲ, ಹೆಸರು ಕೊಡುವುದರಿಂದ. ‘ನಿನ್ನ ಖಾತೆಗೆ ಎರಡು ಲಕ್ಷ ಹಾಕ್ತೀವಿ, ತೆಗೆದುಕೊಟ್ಟುಬಿಡು.’ ‘ನಿನ್ನ ಪ್ಯಾನ್ ಮೇಲೆ ಒಂದು ಫರ್ಮ್ ಮಾಡ್ತೀವಿ, ಹೆಸರಿಗಷ್ಟೇ.’ ‘ನಿಮ್ಮಪ್ಪನ ಪಹಣಿ ಕೊಡು, ಭತ್ತ ಅವರಿಂದ ಬಂತು ಅಂತ ತೋರಿಸ್ತೀವಿ.’ ಈ ಮೂರೂ ಬೇರೆ ಬೇರೆ ಬಾಯಲ್ಲಿ ಬರುವ ಒಂದೇ ಮಾತು. ಉತ್ತರವೂ ಒಂದೇ: ‘ಅಪ್ಪ ಒಪ್ಪಂಗಿಲ್ಲ ಸರ್.’ ನಿಮ್ಮ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಆಗಿದ್ದರೆ ತೆರಿಗೆಯ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಲಾಗಿನ್ ಇಲ್ಲದೆಯೇ ಪ್ಯಾನ್ ಸಂಖ್ಯೆ ಹಾಕಿ ಹುಡುಕಬಹುದು, ಆಗಾಗ ನೋಡುತ್ತಿರಿ. ಗಿರಾಕಿಗಳ ಹಣ ನಿಮ್ಮ ಫೋನ್‌ಪೇಗೆ ಬರುವುದಂತೂ ಒಂದು ದಿನದ ಮಟ್ಟಿಗೂ ಬೇಡ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಜೆರಾಕ್ಸ್ ಕೊಡಿ. ಡಿಪಾಸಿಟ್ ಕೇಳಿದರೆ ಎದ್ದು ಬನ್ನಿ.

ಎರಡನೇ ಅಪಾಯ ಮೆಲ್ಲಗೆ ಬರುತ್ತದೆ. ಬಹಳಷ್ಟು ಮಿಲ್ಲುಗಳಲ್ಲಿ ರಿಟರ್ನ್ ಸಲ್ಲಿಸುವುದು ಊರಿನ ಆಡಿಟರ್ ಆಫೀಸು, ಇಲ್ಲಿಂದ ಹೋಗುವುದು ಬರೀ ಬಿಲ್ಲಿನ ಕಟ್ಟು. ಹೀಗಾದರೆ ಎರಡು ವರ್ಷವಾದರೂ ಟ್ಯಾಲಿಯಲ್ಲಿ ಎಫ್8 ಒತ್ತಿ ಸೇಲ್ಸ್ ಬಿಲ್ ಹಾಕುವುದರಲ್ಲೇ ಕಳೆಯುತ್ತದೆ. ಇದಕ್ಕೊಂದು ಉಪಾಯ ಇದೆ. ಮೊದಲೆರಡು ತಿಂಗಳು ಕೊಟ್ಟದ್ದನ್ನು ತಪ್ಪಿಲ್ಲದೆ ಮಾಡಿ. ಆಮೇಲೆ ‘ಬ್ಯಾಂಕ್ ತಾಳೆ ನಾನು ಮಾಡಿಕೊಡಲಾ?’ ಎಂದು ಹಳೆಯ ಗುಮಾಸ್ತರನ್ನು ಕೇಳಿ. ಯಾರಿಗೂ ಇಷ್ಟವಿಲ್ಲದ ಕೆಲಸ ಅದು, ಬೇಡ ಅನ್ನುವುದಿಲ್ಲ. ಟ್ಯಾಲಿಯಲ್ಲಿರುವ ಬ್ಯಾಂಕ್ ಲೆಡ್ಜರಿಗೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ವ್ಯತ್ಯಾಸ ಬರುವುದು ಸಾಮಾನ್ಯವಾಗಿ ನಾಲ್ಕು ಕಾರಣಕ್ಕೆ: ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ, ಬ್ಯಾಂಕ್ ಹಿಡಿದ ಚಾರ್ಜ್ ಅಥವಾ ಬಡ್ಡಿ ಬರೆದಿಲ್ಲ, ಯಾರೋ ಹಾಕಿದ ಹಣ ಯಾರದೆಂದು ಗೊತ್ತಾಗದೆ ಸಸ್ಪೆನ್ಸಿನಲ್ಲಿ ಕೂತಿದೆ, ಒಂದೇ ರಸೀದಿ ಎರಡು ಸಲ ಎಂಟ್ರಿಯಾಗಿದೆ. ಇದು ಕೈಗೆ ಹತ್ತಿದರೆ ರೈತರ ಲೆಡ್ಜರ್, ಆಮೇಲೆ ದಾಸ್ತಾನು, ಆಮೇಲೆ ಜಿಎಸ್‌ಟಿಆರ್-1ರ ಕರಡು ತಾವಾಗಿ ನಿಮ್ಮ ಮೇಜಿಗೆ ಬರುತ್ತವೆ. ಒಂದು ವರ್ಷವಾದರೂ ಬಿಲ್ಲಿಂಗ್ ಬಿಟ್ಟು ಬೇರೇನೂ ಕೊಡದಿದ್ದರೆ ಆ ಜಾಗದಲ್ಲಿ ಕಲಿಯಲು ಇನ್ನು ಏನೂ ಇಲ್ಲ.

ಕಲಿತದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾವ ತಪ್ಪು, ಎಲ್ಲಿ ಸಿಕ್ಕಿತು, ಹೇಗೆ ಸರಿಮಾಡಿದೆ ಎಂದು. ಆದರೆ ಮಿಲ್ಲಿನ ಲೆಡ್ಜರ್, ಗಿರಾಕಿಗಳ ಪಟ್ಟಿಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಕೂಡದು. ಅದು ಅವರ ಸ್ವತ್ತು, ಸಣ್ಣ ಊರಿನಲ್ಲಿ ಇಂಥ ಸುದ್ದಿ ಬೇಗ ಹರಡುತ್ತದೆ.

ಹೆಣ್ಣುಮಕ್ಕಳು ಎಂಬ ಮಾತನ್ನು ನಿಮ್ಮ ಅಪ್ಪ ಬಾಯಿಬಿಟ್ಟು ಹೇಳಿಲ್ಲ, ಆದರೆ ಮನಸ್ಸಿನಲ್ಲಿ ಇರಬಹುದು. ಆಫೀಸು ಮಿಲ್ಲಿನ ಶೆಡ್ಡಿನಿಂದ ಬೇರೆ ಇದೆಯೇ, ಶೌಚಾಲಯ ಇದೆಯೇ, ಇನ್ನೊಬ್ಬ ಮಹಿಳೆ ಇದ್ದಾರೆಯೇ ಎಂದು ಒಮ್ಮೆ ಅವರನ್ನೇ ಕರೆದುಕೊಂಡು ಹೋಗಿ ನೋಡಿ. 10 ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಉಳಿದ ದಾರಿಗಳು

14,000ದ ಕೋರ್ಸ್ ಬೇಡ. ಟ್ಯಾಲಿಯನ್ನು ಎಜುಕೇಷನಲ್ ಮೋಡಿನಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು. ತಿಂಗಳ 1, 2ರಂಥ ಕೆಲವೇ ದಿನಾಂಕದಲ್ಲಿ ಮಾತ್ರ ಎಂಟ್ರಿ ಮಾಡಲು ಬಿಡುತ್ತದೆ, ಕಲಿಯುವುದಕ್ಕೆ ಅಷ್ಟು ಸಾಕು. ‘ಗ್ಯಾರಂಟಿ ಜಾಬ್’ ಎಂದರೆ ಯಾವ ಸಂಸ್ಥೆ, ಎಷ್ಟು ಸಂಬಳ ಎಂದು ಬರೆದುಕೊಡಲು ಹೇಳಿ ನೋಡಿ. ಅವರು ಕೊಡಿಸುವುದೂ ಹೆಚ್ಚಾಗಿ ಇಂಥದೇ ಇನ್ನೊಂದು ಮಿಲ್ಲಿನ ಕೆಲಸ.

ಬೆಂಗಳೂರಿನ 18,000 ದೊಡ್ಡದಾಗಿ ಕಾಣುತ್ತದೆ. ಮೂಲ ವೇತನ 12,000 ಎಂದುಕೊಂಡರೆ ಪಿಎಫ್ 1,440, ಇಎಸ್‌ಐ 135 ಹೋಗಿ ಕೈಗೆ 16,425. ಪಿಜಿಗೆ 8,000, ಹೊರಗಿನ ಊಟ-ತಿಂಡಿಗೆ 3,000, ಫೋನು ಮತ್ತು ಇತರೆ 1,500 ಎಂದು ಹಿಡಿದರೆ ಉಳಿಯುವುದು 4,000ಕ್ಕೂ ಸ್ವಲ್ಪ ಕಡಿಮೆ. ಅಲ್ಲಿ ಮಾತು ಪಳಗುತ್ತದೆ, ಇಂಗ್ಲಿಷ್ ಸುಧಾರಿಸುತ್ತದೆ, ಅದು ನಿಜವಾದ ಲಾಭ. ಆದರೆ ನಿಮ್ಮ ಗುರಿ ಲೆಕ್ಕಪತ್ರದ ಕೆಲಸವಾಗಿದ್ದರೆ ಆ ಒಂದು ವರ್ಷದಲ್ಲಿ ಬಿ.ಕಾಂ. ಓದು ತುಕ್ಕು ಹಿಡಿಯುತ್ತದೆ. ಅದೇ ಸಂಸ್ಥೆಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಗುವಂತಿದ್ದರೆ ಬೇರೆ ಮಾತು.

ನೀವು ಕೇಳದೇ ಇರುವ ಎರಡು ದಾರಿ ಇವೆ. ಒಂದು, ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಆಡಿಟರ್ ಆಫೀಸು. ಮಿಲ್ಲಿಗಿಂತಲೂ ಕಡಿಮೆ ಕೊಡಬಹುದು, ಜನ ಕಡಿಮೆ ಇರುವುದರಿಂದ ಪಿಎಫ್ ಇರುವುದಿಲ್ಲ. ಆದರೆ ಮಿಲ್ಲು, ಗೊಬ್ಬರದಂಗಡಿ, ಬಟ್ಟೆ ಅಂಗಡಿ, ಗುತ್ತಿಗೆದಾರ ಎಲ್ಲರ ಲೆಕ್ಕವೂ ಒಂದೇ ಮೇಜಿನ ಮೇಲೆ ಬರುತ್ತದೆ. ಮುಂದೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗುವ ಮನಸ್ಸಿದ್ದರೆ (ಬಿ.ಕಾಂ. ಆದವರು ನೋಂದಾಯಿಸಿ ಪರೀಕ್ಷೆ ಪಾಸು ಮಾಡಬಹುದು) ಇದು ಮಿಲ್ಲಿಗಿಂತ ಒಳ್ಳೆಯದು. ಇನ್ನೊಂದು, ಕೇಂದ್ರದ ನ್ಯಾಟ್ಸ್ ಪೋರ್ಟಲ್ ಮೂಲಕ ಒಂದು ವರ್ಷದ ಪದವೀಧರ ಅಪ್ರೆಂಟಿಸ್. 2019ರ ನಿಯಮದಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡ್ 9,000 ಇತ್ತು, ಈಗಿನ ದರವನ್ನು ಪೋರ್ಟಲ್ಲಿನಲ್ಲಿ ನೋಡಿಕೊಳ್ಳಿ. ಅಂದರೆ ನಿಮ್ಮ ಮಿಲ್ಲಿಗಿಂತ ಕಡಿಮೆಯಿಲ್ಲದ ಹಣ, ಜೊತೆಗೆ ಕೊನೆಗೆ ಸರ್ಕಾರಿ ಪ್ರಮಾಣಪತ್ರ. ಅಪ್ರೆಂಟಿಸರಿಗೆ ಪಿಎಫ್ ಇಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಬಿ.ಕಾಂ.ಗೆ ಜಾಗ ಎಂಜಿನಿಯರಿಂಗಿನಷ್ಟು ಇರುವುದಿಲ್ಲ, ಆದರೂ ಹೆಸರು ನೋಂದಾಯಿಸಲು ಖರ್ಚೇನೂ ಇಲ್ಲ.

ಅಪ್ಪ ಹೇಳುವ ಎಫ್‌ಡಿಎ

ಅವರ ಮಾತನ್ನು ತಳ್ಳಿಹಾಕಬೇಡಿ. ಕಲಂ 371-ಜೆ ಪ್ರಕಾರ ಕಲ್ಯಾಣ ಕರ್ನಾಟಕ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಇಂಥ ಅವಕಾಶ ಈ ಭಾಗದ ಹೊರಗಿನ ಜಿಲ್ಲೆಯವರಿಗಿಲ್ಲ. ನೀವು ಈ ಭಾಗದ ಸ್ಥಳೀಯರು ಎಂದು ಉಪವಿಭಾಗಾಧಿಕಾರಿ ಕೊಡುವ 371-ಜೆ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲವಾದರೆ ಈಗಲೇ ಅರ್ಜಿ ಹಾಕಿ, ಅಧಿಸೂಚನೆ ಬಂದ ಮೇಲೆ ನಾಡಕಚೇರಿಯ ಮುಂದೆ ಸಾಲು ಬೆಳೆಯುತ್ತದೆ.

ಆದರೆ ಖಾಸಗಿ ಕೆಲಸ ಮಾಡಿದರೆ ಸರ್ಕಾರಿ ಪರೀಕ್ಷೆಗೆ ಅಡ್ಡಿ ಎಂಬುದು ತಪ್ಪು ತಿಳಿವಳಿಕೆ. ಎಫ್‌ಡಿಎಗೆ ಮೂಲ ನಿಯಮದಲ್ಲೇ ಸಾಮಾನ್ಯ ವರ್ಗಕ್ಕೆ 35 ವರ್ಷ, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40ರವರೆಗೆ ಅವಕಾಶ ಇದೆ. ನಿಮಗೆ ಅವಸರ ಇರುವುದು ಬ್ಯಾಂಕಿನದು. ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ಮಿತಿ 28, ಹಿಂದುಳಿದ ವರ್ಗಕ್ಕೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. ಅದು ಪ್ರತಿ ವರ್ಷ ಬರುತ್ತದೆ, ಎಫ್‌ಡಿಎ ಅಧಿಸೂಚನೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಆದ್ದರಿಂದ ಓದನ್ನು ಬ್ಯಾಂಕ್ ಪರೀಕ್ಷೆಯ ಸುತ್ತ ಕಟ್ಟಿ. ಗಣಿತ, ತಾರ್ಕಿಕ ಪ್ರಶ್ನೆ ಅಲ್ಲಿ ಪಳಗಿದರೆ ಎಫ್‌ಡಿಎಗೆ ಕನ್ನಡ, ಸಾಮಾನ್ಯ ಜ್ಞಾನ ಸೇರಿಸಿಕೊಂಡರಾಯಿತು. ಬೆಳಿಗ್ಗೆ ಎರಡು ತಾಸು, ಭಾನುವಾರ ಐದು ತಾಸು ಎಂದರೆ ವಾರಕ್ಕೆ 17 ತಾಸು. ಸುಗ್ಗಿಯಲ್ಲಿ ಇದು ಕುಸಿಯುತ್ತದೆ, ಪರೀಕ್ಷೆಗೆ ಒಂದೂವರೆ ತಿಂಗಳಿರುವಾಗ ಸಂಬಳವಿಲ್ಲದ ರಜೆ ಕೇಳಬೇಕಾಗಬಹುದು. ಪೂರ್ತಿ ಮನೆಯಲ್ಲಿ ಕೂತು ಓದುವುದೇ ಆದರೆ ಯಾವ ತಿಂಗಳವರೆಗೆ ಎಂದು ಅಪ್ಪನ ಜೊತೆ ಕೂತು ಈಗಲೇ ನಿಗದಿ ಮಾಡಿಕೊಳ್ಳಿ. ಕೊನೆಯ ದಿನಾಂಕ ಇಲ್ಲದೆ ಶುರುವಾದ ತಯಾರಿ ಧಾರವಾಡದ ಕೋಚಿಂಗ್ ರೂಮುಗಳಲ್ಲಿ ಐದಾರು ವರ್ಷ ಎಳೆದದ್ದು ಕಡಿಮೆಯೇನಿಲ್ಲ.

ಮದುವೆಯಾಗಿ ಬಿಟ್ಟರೆ

ಹದಿನಾಲ್ಕು ತಿಂಗಳಿಗೆ ಬಿಟ್ಟರೂ ಮಾಡಿದ್ದು ವ್ಯರ್ಥವಲ್ಲ, ದಾಖಲೆ ಇದ್ದರೆ. ಯುಎಎನ್ ಒಬ್ಬರಿಗೆ ಒಂದೇ. ಗಂಡನ ಊರು ಸಿಂಧನೂರಾಗಲಿ ಬಳ್ಳಾರಿಯಾಗಲಿ, ಮುಂದಿನ ಸಂಸ್ಥೆಗೆ ಅದೇ ಸಂಖ್ಯೆ ಕೊಟ್ಟರೆ ಹಳೆಯ ಸೇವೆಯೂ ಹಣವೂ ಸೇರಿಕೊಳ್ಳುತ್ತವೆ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, ನಡುವೆ ಮನೆಯಲ್ಲಿದ್ದ ವರ್ಷಗಳಿಂದ ಮೊದಲಿನದು ಅಳಿಸಿಹೋಗುವುದಿಲ್ಲ. ಆದರೆ ಮದುವೆ ಖರ್ಚಿಗೆಂದು ಪಿಂಚಣಿಯ ಭಾಗವನ್ನೂ ತೆಗೆದುಕೊಂಡರೆ ಆ ಸೇವೆ ಲೆಕ್ಕದಿಂದ ಹೋಗುತ್ತದೆ. ಬಿಡುವಾಗ ಲಿಖಿತ ರಾಜೀನಾಮೆ ಕೊಟ್ಟು ಅನುಭವ ಪತ್ರ ಆ ವಾರವೇ ಪಡೆಯಿರಿ. ಅದರಲ್ಲಿ ‘ಕಂಪ್ಯೂಟರ್ ಆಪರೇಟರ್’ ಎಂದಷ್ಟೇ ಬರೆಸದೆ ಖರೀದಿ ಲೆಡ್ಜರ್, ಬ್ಯಾಂಕ್ ತಾಳೆ, ದಾಸ್ತಾನು ಲೆಕ್ಕ ನೋಡುತ್ತಿದ್ದರು ಎಂದು ಬರೆಸಿ. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ಪಿಎಫ್ ಪೋರ್ಟಲ್ಲಿನಲ್ಲಿ ಹಾಕಬೇಕು. ಅವರು ಮರೆತರೆ ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಮದುವೆಯ ನಂತರ ಆಧಾರಿನಲ್ಲಿ ಹೆಸರು ಬದಲಿಸುವುದಿದ್ದರೆ ಇದೆಲ್ಲ ಮುಗಿದ ಮೇಲೆ ಬದಲಿಸಿ. ಆಧಾರಿನ ಹೆಸರಿಗೂ ಯುಎಎನ್ ಹೆಸರಿಗೂ ತಾಳೆಯಾಗದಿದ್ದರೆ ಹಣ ವರ್ಗಾವಣೆಯ ಅರ್ಜಿ ಅಲ್ಲಿಗೇ ನಿಲ್ಲಬಹುದು, ಮೊದಲು ಹೆಸರನ್ನು ಸರಿಪಡಿಸಿಕೊಳ್ಳಬೇಕಾದೀತು.